ಅಮ್ಮನ ಹೆಪ್ಪು

ನದಿ ದಂಡೆಯ ಆಶ್ರಮಕ್ಕೆ ಮಗಳು ಕಾತ್ಯಾಯಿನಿಯನ್ನು ಬಿಡಲು ಬಂದ ತಾಯಿ, ಗುರುಕಾಣಿಕೆಯೆಂದು ಒಂದು ಕುಡಿಕೆ ಗಟ್ಟಿ ಮೊಸರು ತಂದಿದ್ದಳು.

“ದಿನಾ ಇದರಿಂದಲೇ ಹೆಪ್ಪು ಹಾಕು. ಹೊರಗಿನ ಹೆಪ್ಪು ತರಬೇಡ,” ಎಂದು ಮಗಳಿಗೆ ಹೇಳಿ ಹೋದಳು.

ಮಗಳು ಹಾಗೇ ಮಾಡಿದಳು. ಇಂದಿನ ಮೊಸರಿನಿಂದ ಒಂದು ಚಮಚ ನಾಳೆಯ ಹಾಲಿಗೆ. ಹೀಗೇ ವರ್ಷಗಳು ಕಳೆದವು.

ಒಂದು ಮಧ್ಯಾಹ್ನ ಊರಿನವರೊಬ್ಬರು ಬಂದರು. ತಾಯಿ ತೀರಿಕೊಂಡಿದ್ದಳು. ಕ್ರಿಯೆಗಳೂ ಮುಗಿದಿದ್ದವು.

ಸಾವಿನ ಸುದ್ದಿ ಬಂದ ಅಡುಗೆಮನೆಯಲ್ಲಿ ಮಾಡಿಟ್ಟದ್ದೇನೂ ಉಳಿಯಬಾರದು ಎಂಬುದು ಅವರ ಮನೆಯ ಪದ್ಧತಿ. ಕಾತ್ಯಾಯಿನಿ ಅನ್ನ, ಸಾರು, ಮೊಸರು ಎಲ್ಲವನ್ನೂ ಹೊಳೆಗೆ ಸುರಿದಳು. ಪಾತ್ರೆ ಬೆಳಗಿದಳು. ತಲೆಗೆ ಸ್ನಾನ ಮಾಡಿ ಬಂದು ಗುರುಗಳ ಎದುರು ಕುಳಿತಳು.

“ಆತ್ಮಕ್ಕೆ ಸಾವಿಲ್ಲ ಅಂತ ನೀವೇ ಹೇಳಿಕೊಟ್ಟಿರಿ. ಹಾಗಾದರೆ ನನ್ನ ಅಮ್ಮ ಈಗ ಎಲ್ಲಿದ್ದಾಳೆ?”

“ಪಾಠದಲ್ಲಿ ಏನಿತ್ತು?”

“ಪಾಠ ನನಗೆ ಬಾಯಿಗೆ ಬರುತ್ತದೆ. ಅದರಲ್ಲಿ ನನ್ನ ಅಮ್ಮನ ಹೆಸರಿಲ್ಲ.”

ಗುರುಗಳು ನಕ್ಕರು. “ಸರಿ. ಮೊದಲು ಒಂದು ಲೋಟ ಮಜ್ಜಿಗೆ ಕೊಡು.”

“ಮೊಸರೇ ಇಲ್ಲ. ಎಲ್ಲ ಚೆಲ್ಲಿಬಿಟ್ಟೆ...”

ಅವಳು ತೊಳೆದಿಟ್ಟ ಖಾಲಿ ಕುಡಿಕೆಯ ಕಡೆ ತಿರುಗಿದಳು. ಆಮೇಲೆ ಹೇಳಿದಳು:

“ಊರಲ್ಲಿ ಅವಳು ತಾನಾಗಿ ಹೋದಳು. ಇಲ್ಲಿದ್ದವಳನ್ನು ನಾನೇ ಹೊಳೆಗೆ ಸುರಿದೆ.”

“ಹಾಲಿದೆಯಾ?”

“ಈಗ ತಾನೇ ಕರೆದದ್ದಿದೆ.”

“ಕಾಯಿಸಿಡು. ಅಂಬಿಗರ ಹೊನ್ನಮ್ಮನ ಮನೆಗೆ ಹೋಗಿ ಹೆಪ್ಪು ಇಸ್ಕೊಂಡು ಬಾ. ಬೇಗ ಹೋಗು, ದೀಪ ಹಚ್ಚಿದ ಮೇಲೆ ಕೇಳಿದರೆ ಬೈತಾಳೆ.”

“ಹೊರಗಿನ ಹೆಪ್ಪು ಬೇಡ ಅಂತ ಅಮ್ಮ ಹೇಳಿದ್ದಳು.”

“ಹೋಗಿ ಬಾ.”

ದೋಣಿ ನಡೆಸುವವನ ಹೆಂಡತಿ ಹೊನ್ನಮ್ಮ, ಲೋಟಕ್ಕೆ ಮೊಸರು ಹಾಕುತ್ತ ಅವಳ ಮುಖ ನೋಡಿದಳು.

“ಇದೇನವ್ವ, ನೀನು ನಮ್ಮನೆಗೆ ಹೆಪ್ಪಿಗೆ ಬರೋದಾ? ನನ್ನ ಮಗಳ ಮದುವೇಲಿ ನಮ್ಮ ಮೊಸರು ಕೆಟ್ಟು ಕೂತಾಗ ನೀನೇ ಅಲ್ವಾ ಹೆಪ್ಪು ಕೊಟ್ಟಿದ್ದು? ಆಮೇಲೆ ಈ ಕೇರಿಯೋರೆಲ್ಲ ನನ್ನ ಹತ್ರಾನೇ ಇಸ್ಕೊಂಡ್ರು. ನೀನು ಯಾರ ಬಾಗಿಲಿಗೆ ಹೋಗಿದ್ರೂ ನಿಂದೇ ಸಿಗ್ತಿತ್ತು.”

ಕಾತ್ಯಾಯಿನಿ ಲೋಟದ ಮೇಲೆ ಅಂಗೈ ಮುಚ್ಚಿಕೊಂಡು ಬಂದಳು.

ಬೆಳಿಗ್ಗೆ ಮೊಸರು ಗಟ್ಟಿಯಾಗಿ ಕೂತಿತ್ತು. ಕುಡಿಕೆ ಓರೆ ಮಾಡಿದರೂ ಅಲುಗಲಿಲ್ಲ. ಅವಳು ಬೆರಳಿಗೆ ತಗುಲಿದ್ದನ್ನು ನೆಕ್ಕಿದಳು.

“ಗುರುಗಳೇ, ಹಾಲು ಬೇರೆ, ಮನೆ ಬೇರೆ. ಅಮ್ಮ ತಂದ ಮೊಸರಿನ ಒಂದು ಹನಿಯೂ ಇದರಲ್ಲಿ ಇರಲಾರದು. ಆದರೂ ರುಚಿ ಅವಳದೇ. ಇದನ್ನು ಅದೇ ಅನ್ನಲಾ, ಬೇರೆ ಅನ್ನಲಾ?”

ಗುರುಗಳು ಅನ್ನದ ತಟ್ಟೆಯನ್ನು ಅವಳ ಕಡೆ ಸರಿಸಿದರು.

“ಹೊಟ್ಟೆ ತುಂಬ ಊಟ ಮಾಡು. ನಾಳೆಗೆ ಒಂದು ಚಮಚ ಉಳಿಸು.”