ಹುಚ್ಚೀರಪ್ಪ ಮಸ್ಕತ್ತಿನಲ್ಲಿ ಕೇಕು ಬೇಯಿಸಿದ್ದು

ಉಂಡು ಬಂದವರು ಮುಂದೆ ಕೂಡ್ರಿ, ಹಸಿದವರು ಹಿಂದೆ ಸರೀರಿ. ಇದು ಅಡುಗೆ ಕೆಟ್ಟ ಕತೆ.

ರಾಣೆಬೆನ್ನೂರಿನಲ್ಲಿ ನೀಲವ್ವ ಅಂತ ಒಬ್ಬಾಕಿ. ಇಪ್ಪತ್ತು ವರ್ಷ ಬೇಕರಿಯಲ್ಲಿ ಹಿಟ್ಟು ನಾದಿದ ಕೈ. ಆಕೆಗೆ ಒಬ್ಬನೇ ಮಗ, ಹುಚ್ಚೀರಪ್ಪ. ಹೇಳಿದ್ದನ್ನು ಹೇಳಿದಷ್ಟೇ ಮಾಡುವವನು. ಕೂದಲಷ್ಟು ಹೆಚ್ಚಿಲ್ಲ, ಕೂದಲಷ್ಟು ಕಡಿಮೆಯಿಲ್ಲ.

"ಇವನ್ನ ಹೆತ್ತಾಗ ಬುದ್ಧಿ ಆಸ್ಪತ್ರ್ಯಾಗ ಮರತು ಬಂದೆ," ಅನ್ನುತ್ತಿದ್ದಳು ನೀಲವ್ವ.

ಅಂಥವನಿಗೂ ಮಸ್ಕತ್ತಿನ ತರಕಾರಿ ಗೋದಾಮಿನಲ್ಲಿ ಮೂಟೆ ಹೊರುವ ಕೆಲಸ ಸಿಕ್ಕಿತು. ಒಂದು ಖೋಲಿ, ಮೂರು ಜನ: ಇವನು, ಸವಣೂರಿನ ರಜಾಕ್ ಸಾಹೇಬರು, ಶಿರಹಟ್ಟಿಯ ಫಕ್ಕೀರೇಶ. ಹೋಟೆಲಿನಲ್ಲಿ ಉಂಡರೆ ಊರಿಗೆ ಕಳಿಸಲು ಏನೂ ಉಳಿಯದು. ಅದಕ್ಕೇ ಪಾಳಿ ಮೇಲೆ ಅಡುಗೆ.

"ಈ ವಾರ ನಿನ್ನ ಪಾಳಿ," ಅಂದರು ಸಾಹೇಬರು. "ಅಕ್ಕಿ ಪುಕ್ಕಟ ಬರಂಗಿಲ್ಲ. ವಾರಪೂರ್ತಿ ಕೆಡಿಸಿದಿ ಅಂದ್ರ ಬ್ಯಾರೆ ಖೋಲಿ ನೋಡ್ಕೊ."

ಗುರುತಿಲ್ಲದ ಊರಿನಲ್ಲಿ ಬೇರೆ ಖೋಲಿ ಎಲ್ಲಿಂದ ತರಬೇಕು? ಹುಚ್ಚೀರಪ್ಪ ಹೆದರಿ ಅವ್ವನಿಗೆ ಫೋನ್ ಹಚ್ಚಿದ.

"ಅನ್ನಕ್ಕಿಟ್ಟು ಎಲ್ಲೂ ಹೋಗಬ್ಯಾಡ. ಕಣ್ಣಿಟ್ಟು ನೋಡ್ಕೋತ ನಿಂದರು," ಅಂದಳು ಅವ್ವ.

ನಿಂತ. ನೋಡಿದ. ನೀರು ಇಂಗಿತು, ನೋಡಿದ. ತಳ ಹಿಡಿಯಿತು, ನೋಡಿದ. ಹೊಗೆ ಎದ್ದಿತು, ಕಣ್ಣು ಒರೆಸಿಕೊಂಡು ಮತ್ತೆ ನೋಡಿದ. ಅಂದು ಮೂವರೂ ಬಾಳೆಹಣ್ಣು ತಿಂದು ಮಲಗಿದರು.

"ನೋಡೇ ನೋಡಿದ್ನೆವ್ವಾ. ಕಣ್ಣ ಮುಂದನ ಕರ್ರಗಾತು."

"ಕರ್ರಗಾದ್ರ ಒಲಿ ಆರಸಬೇಕಲೇ ಹುಚ್ಚಪ್ಪಾ. ಕರ್ರಗ ಕಂಡ ಕೂಡ್ಲೆ ಆರಸು."

ಮರುದಿನ ಸಾರು ಮಾಡಿದ. ಒಗ್ಗರಣೆಗೆ ಎಣ್ಣೆ ಇಟ್ಟ, ಸಾಸಿವೆ ಹಾಕಿದ, ಬಗ್ಗಿ ನೋಡಿದ. ಎಲ್ಲಾ ಕರ್ರಗೆ. ಟಪ್ಪನೆ ಒಲೆ ಆರಿಸಿದ. ಸಾರಿನ ಮೇಲೆ ಹಸಿ ಎಣ್ಣೆ, ಎಣ್ಣೆಯಲ್ಲಿ ಹಸಿ ಸಾಸಿವೆ. ಒಂದು ತುತ್ತು ಬಾಯಿಗಿಟ್ಟ ಫಕ್ಕೀರೇಶ ಎದ್ದು ಹೊರಗೆ ಹೋದವನು ಬಹಳ ಹೊತ್ತು ಬರಲಿಲ್ಲ.

"ಸಾಸಿವಿ ಹುಟ್ಟಿದ್ದ ಕರ್ರಗ," ಅಂದಳು ಅವ್ವ. "ಸದ್ದು ಕೇಳಬೇಕು. ಚಟಪಟ ಅನ್ನೂತನಕ ಒಲಿ ಆರಸಬ್ಯಾಡ, ತಿಳೀತಿಲ್ಲೊ?"

"ತಿಳೀತವ್ವಾ."

ಮೂರನೇ ದಿನ ಚಹಕ್ಕೆ ಹಾಲಿಟ್ಟ. ಕಿವಿಗೊಟ್ಟು ನಿಂತ. ಹಾಲು ಉಬ್ಬಿತು, ಚಟಪಟ ಅನ್ನಲಿಲ್ಲ. ಉಕ್ಕಿತು, ಅನ್ನಲಿಲ್ಲ. ಒಲೆ ಮೇಲೆ ಹರಿಯಿತು, ಗೋಡೆ ಬುಡಕ್ಕೆ ಇಳಿಯಿತು, ಸಾಹೇಬರ ಚಪ್ಪಲಿ ತೋಯಿಸಿತು. ಸಾಹೇಬರು ಚಪ್ಪಲಿ ಎತ್ತಿ ಹಿಡಿದು ಇವನ ಮುಖ ನೋಡಿದರು.

"ಹಾಲಿಗೆ ಯಾ ಸದ್ದಲೇ?" ಅಂದಳು ಅವ್ವ. "ಉಬ್ಬಿ ಮ್ಯಾಲ ಬಂತೋ, ತಣ್ಣೀರು ಚಿಮಕಸು. ಇಳೀತೈತಿ."

ಅದೇ ವಾರ ಫಕ್ಕೀರೇಶನ ಹೆಂಡತಿ ಊರಿನಲ್ಲಿ ಹೆಣ್ಣುಮಗು ಹೆತ್ತಳು. ಮಗುವನ್ನು ಫೋನಿನಲ್ಲೇ ನೋಡಿದ ಬಡವ, ಜೊತೆಯ ಕೆಲಸದವರಿಗೆಲ್ಲ ಸಿಹಿ ಹಂಚಬೇಕು ಅಂದ. ಬೇಕರಿಯ ಕೇಕು ಕೈಗೆ ಎಟುಕದಷ್ಟು ತುಟ್ಟಿ. ಖೋಲಿಯಲ್ಲಿ ಹಿಂದಿನವರು ಬಿಟ್ಟುಹೋದ ಕರೆಂಟಿನ ಓವನ್ ಇತ್ತು. ರವೆ, ಮೊಸರು, ಬೆಲ್ಲ, ಏಲಕ್ಕಿ, ಅಡುಗೆ ಸೋಡಾ ಇದ್ದವು. ಹುಚ್ಚೀರಪ್ಪ ಓವನ್ನಿನ ಧೂಳು ಒರೆಸಿದ. "ನಾನು ಮಾಡ್ತೀನಿ ಅಣ್ಣಾ, ನಮ್ಮವ್ವ ಬೇಕರ್‍ಯಾಕಿ," ಅಂದ.

ಅವ್ವ ಹೇಳಿದ ಅಳತೆಯಂತೆ ಕಲಸಿ ಓವನ್ನಿಗೆ ಇಟ್ಟ. ಬಾಗಿಲು ತೆರೆದು ನೋಡುತ್ತಾನೆ, ಕೇಕು ಉಬ್ಬಿ ಮೇಲೆ ಬರುತ್ತಿದೆ. ತಣ್ಣೀರು ಚಿಮುಕಿಸಿದ. ಮತ್ತೂ ಉಬ್ಬಿತು. ಒಂದು ಚೊಂಬು ಸುರಿದ. ಇಳಿಯಿತು. ಹೊರಗೆ ಬಂದಿದ್ದು ರವೆ ಗಂಜಿ.

ಫಕ್ಕೀರೇಶ ಬೈಯಲಿಲ್ಲ, ಫೋನಿನಲ್ಲಿ ಮಗುವಿನ ಫೋಟೋ ತೆಗೆದು ನೋಡುತ್ತ ಕೂತ. ಅದೇ ಹುಚ್ಚೀರಪ್ಪನಿಗೆ ಬೈಗುಳಕ್ಕಿಂತ ನೋವಾಯಿತು. ಸಾಹೇಬರು ಮಾತ್ರ, "ನಾಳೆ ಶುಕ್ರವಾರ, ಸೂಟಿ. ಇನ್ನೊಂದು ಸಲ ಮಾಡು. ಇದ ಕಡೀದು," ಅಂದರು.

ಈ ಸಲ ನೀಲವ್ವ ಒಂದೊಂದೇ ಮಾತು ಬಿಡಿಸಿ ಹೇಳಿದಳು. "ಕೇಕು ಉಬ್ಬಲೇಬೇಕಲೇ. ನೀರು ಮುಟ್ಟಬ್ಯಾಡ. ಒಳಗಿಟ್ಟ ಮ್ಯಾಲ ಬಾಗಲಾ ತೆಗಿಬ್ಯಾಡ. ಬೆಂದು ತಣ್ಣಗಾಗೂತನಕ ತೆಗಿಬ್ಯಾಡ. ಇಣಿಕಿ ನೋಡ್ತೀವಿ ಅಂತ ಯಾರರ ಬರ್ತಾರ. ಯಾರು ಏನಂದ್ರೂ ಬಾಗಲಾ ತೆಗಿಬ್ಯಾಡ. ಆಣಿ ಐತಿ ನಂದು."

ಶುಕ್ರವಾರ ಸಾಹೇಬರು ನಮಾಜಿಗೆ ಹೋದರು, ಫಕ್ಕೀರೇಶ ಸಂತೆಗೆ ಹೋದ. ಹುಚ್ಚೀರಪ್ಪ ಕೇಕು ಒಳಗಿಟ್ಟ. ಎದ್ದು ಹೋಗಿ ಖೋಲಿಯ ಬಾಗಿಲಿಗೆ ಚಿಲಕ ಹಾಕಿದ.

ಇಬ್ಬರೂ ಬಿಸಿಲಲ್ಲಿ ಬೆವೆತು ಬಂದು ಬಾಗಿಲು ಬಡಿದರು.

"ತೆಗಿಯೋ."

"ಕೇಕು ತಣ್ಣಗಾಗಿಲ್ರಿ."

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ಅವ್ವನ ಆಣಿ ಐತ್ರಿ."

ಗದರಿದರು, ತೆಗೆಯಲಿಲ್ಲ. ಬೇಡಿಕೊಂಡರು, ತೆಗೆಯಲಿಲ್ಲ. ಒಳಗಿನಿಂದ ಬೆಲ್ಲ, ಏಲಕ್ಕಿಯ ಘಮ ಬಾಗಿಲ ಸಂದಿಯಲ್ಲಿ ಬರುತ್ತಿತ್ತು. ಕಡೆಗೆ ಸಾಹೇಬರು ನೀಲವ್ವನಿಗೇ ಫೋನ್ ಹಚ್ಚಿ, ಫೋನನ್ನು ಬಾಗಿಲಿಗೆ ಹಿಡಿದರು.

"ಹುಚ್ಚೀರಾ, ನಾನು ನಿಮ್ಮವ್ವ. ಬಾಗಲಾ ತೆಗಿಯಪ್ಪಾ."

"ತೆಗಿಯಂಗಿಲ್ಲವ್ವಾ."

"ನಾನ ಹೇಳಾಕತ್ತೀನಲ್ಲೊ."

"ಯಾರು ಏನಂದ್ರೂ ಅಂದಿದ್ದಿ. ಯಾರು ಅಂದ್ರ ಅದರಾಗ ನೀನೂ ಬಂದಿ."

ಸಾಹೇಬರು ಫೋನನ್ನು ಮತ್ತೆ ಕಿವಿಗೆ ಹಿಡಿದರು. ನೀಲವ್ವ ಕೇಳಿದಳು:

"ಸಾಹೇಬ್ರ, ಬಾಗಲಾ ಮುಂದ ನೆಳ್ಳು ಐತೇನ್ರಿ?"

"ಐತ್ರೀ ಅಕ್ಕಾರ."

"ಹಂಗಾರ ಕುಂದರ್ರಿ."