ಸೌರದೀಪ ಸಮಿತಿಗೆ ಗೂಬಜ್ಜಿ

ಬೀದಿಗೆಲ್ಲ ಸೌರದೀಪ ಹಾಕಿಸಿದ ಪ್ರಾಣಿಗಳ ಪುರಸಭೆ, ಅದರ ಉಸ್ತುವಾರಿ ಸಮಿತಿಗೆ ಗೂಬಜ್ಜಿಯನ್ನು ಅಧ್ಯಕ್ಷೆಯನ್ನಾಗಿ ಮಾಡಿತು. ಅಪಶಕುನವೆಂದು ಯಾರೂ ಶುಭಕಾರ್ಯಕ್ಕೆ ಕರೆಯದಿದ್ದ ಆಕೆಗೆ, ಕೊರಳಿಗೆ ಹಾರ ಬಿದ್ದಾಗ ಕಣ್ಣು ತುಂಬಿ ಬಂತು.

ಆದರೂ ಮನಸ್ಸು ತಡೆಯದೆ ದೀಪದ ಗುತ್ತಿಗೆದಾರ ನರಿಯಪ್ಪನನ್ನು ಕೇಳಿದಳು: “ಬಿಸಿಲಲ್ಲಿ ನನಗೆ ಕಣ್ಣು ಕಾಣದು. ಸೂರ್ಯನ ಕೆಲಸಕ್ಕೆ ನನ್ನನ್ನೇಕೆ ಆರಿಸಿದರು?”

ನರಿಯಪ್ಪ ನಕ್ಕ. “ಕಾಣದಿರುವುದೇ ನಿಮ್ಮ ಅರ್ಹತೆ, ಅಜ್ಜಿ. ಎಲ್ಲ ಸರಿಯಾಗಿದೆ ಎಂದು ಒಪ್ಪಿಗೆ ಕೊಟ್ಟು ಹಾಯಾಗಿ ಮಲಗಿ.”

ಗೂಬಜ್ಜಿ ಹಾರ ತೆಗೆದು ಅವನ ಕೈಗಿಟ್ಟಳು. ಕುರ್ಚಿ ಮಾತ್ರ ಬಿಡಲಿಲ್ಲ.

“ಒಪ್ಪಿಗೆ ಕೊಡೋಣವಂತೆ. ದೀಪ ಉರಿಯಬೇಕಾದದ್ದು ಕತ್ತಲಾದ ಮೇಲಲ್ಲವೇ? ಆಗ ನನಗೆ ಚೆನ್ನಾಗಿಯೇ ಕಾಣುತ್ತದೆ. ಸಂಜೆ ಬನ್ನಿ, ಇಬ್ಬರೂ ಬೀದಿ ಸುತ್ತಿ ಬರೋಣ.”

ಸಂಜೆಯಾಗುವ ಮೊದಲೇ ನರಿಯಪ್ಪನಿಗೆ ಜ್ವರ ಬಂತು.