ಅಂಚಿನಲ್ಲಿ ಮೊದಲೇ ಬರೆದ ಹೆಸರು

“ಮೇಲ್ಗಿರಿಯ ಸುದ್ದಿಮನೆಯಿಂದ ಓಲೆ ಬೇಕೆನ್ನುವ ಊರಿನವರು ಒಬ್ಬನನ್ನು ಕಳಿಸಲಿ. ದೊರೆಮಗಳು ಜಾಕಲದೇವಿ ಮೂರು ಒಗಟು ಕೇಳುತ್ತಾಳೆ. ಬಿಡಿಸಿದವನ ಊರಿಗೆ ದಿನವೂ ಸುದ್ದಿ ಹೋಗುತ್ತದೆ. ತಪ್ಪಿದವನ ತಲೆ ಹೋಗುತ್ತದೆ.”

ಈ ಡಂಗುರ ಕಿರುಗಾವಿಗೂ ಕೇಳಿಸಿತು. ಎರಡು ವರ್ಷದ ಹಿಂದೆ ಸೇತುವೆ ಕೊಚ್ಚಿಹೋದಾಗ ಅಲ್ಲಿಗೆ ಬರುತ್ತಿದ್ದ ಓಲೆಗಳು ನಿಂತಿದ್ದವು. ಸೇತುವೆ ಮತ್ತೆ ಕಟ್ಟಿದರೂ ಓಲೆ ಬರಲಿಲ್ಲ. ಆ ಊರಿನ ಸುದ್ದಿಮನೆಯಲ್ಲಿ ಕೇತ ಓಲೆಯಲ್ಲಿ ಕೊರೆದ ಅಕ್ಷರ ಕಾಣುವಂತೆ ಮಸಿ ತೀಡುತ್ತಿದ್ದ. ಅವನ ಅಣ್ಣ ಮಾಚ ಗಡಿಕಾವಲಿಗೆ ಹೋಗಿದ್ದ. ಅತ್ತಿಗೆ ಸಾಂತವ್ವ ದಿನವೂ ಕೇಳುತ್ತಿದ್ದಳು, “ಏನಾದರೂ ಬಂತೇನಪ್ಪ?”

ಕೇತ ಹೊರಟ.

ಆಸ್ಥಾನದಲ್ಲಿ ಅವನ ಮುಂದೆ ಇಬ್ಬರಿದ್ದರು.

“ಕೊಟ್ಟರೆ ಕಡಿಮೆಯಾಗದು, ಕೊಡದೆ ಇಟ್ಟರೆ ಹಳಸುತ್ತದೆ. ಏನದು?” ಎಂದಳು ಜಾಕಲದೇವಿ.

“ದೀಪ,” ಎಂದ ಎಣ್ಣೆ ವರ್ತಕನ ಮಗ.

“ದೀಪ ಹಳಸುತ್ತದೆಯೇ?”

ಅವನನ್ನು ಎಳೆದೊಯ್ದರು. “ಎಣ್ಣೆ ಮಾರುವವನಿಗೆ ಇನ್ನೇನು ಕಂಡೀತು!” ಎಂದು ನಕ್ಕ ಪಂಡಿತ, “ವಿದ್ಯೆ,” ಎಂದ.

“ಐವತ್ತು ವರ್ಷ ಇಟ್ಟುಕೊಂಡಿದ್ದೀರಿ. ಹಳಸಿತೇ?”

ಪಂಡಿತನ ನಗು ನಿಂತಿತು. ಅವನನ್ನೂ ಒಯ್ದರು.

ದೊರೆಮಗಳು ಕೇತನ ಬೆರಳು ನೋಡಿದಳು. “ಕೈ ತೊಳೆದು ಬರಬಾರದಿತ್ತೇ?”

“ತೊಳೆದೇ ಬಂದೆ ತಾಯೀ. ಈ ಮಸಿ ಹೋಗುವುದಿಲ್ಲ. ನಿಮ್ಮ ಒಗಟಿಗೆ ಉತ್ತರ ಸುದ್ದಿ. ಹತ್ತು ಊರಿಗೆ ಕೊಟ್ಟರೂ ನಮ್ಮಲ್ಲಿ ಉಳಿಯುತ್ತದೆ, ತಡೆದಿಟ್ಟರೆ ಕೆಡುತ್ತದೆ.”

“ಸರಿ, ಎರಡನೆಯದು. ಹೋದ ಊರಲ್ಲೆಲ್ಲ ಮೈಮೇಲೆ ಒಂದು ಹೆಸರು ಬರೆಸಿಕೊಳ್ಳುತ್ತದೆ. ಹೆಸರು ಬಿದ್ದ ಊರಿಗೆ ಅದನ್ನು ಮತ್ತೆ ಕಳಿಸುವುದಿಲ್ಲ.”

“ಸುದ್ದಿಯೋಲೆ. ಓದಿದ ಊರು ಅಂಚಿನಲ್ಲಿ ಹೆಸರು ಬರೆಯುತ್ತದೆ. ಹೆಸರಿದ್ದರೆ ಓದಿಯಾಗಿದೆ ಎಂದರ್ಥ.”

“ಮೂರನೆಯದು. ಎಲ್ಲ ಊರಿಗೂ ಸುದ್ದಿ ಕೊಡುವುದು ನನ್ನ ಸುದ್ದಿಮನೆ. ಅದಕ್ಕೂ ಮೇಲಿನ ಮನೆ ಯಾವುದು?”

“ಮಗು ಹುಟ್ಟಿದ ಮನೆ. ಸಾವಾದ ಮನೆ. ಯಾವ ಮನೆಯಲ್ಲಿ ನಡೆಯಿತೋ, ಸುದ್ದಿಗೆ ಅದೇ ಎಲ್ಲಕ್ಕಿಂತ ಮೇಲಿನ ಮನೆ ತಾಯೀ.”

ಜಾಕಲದೇವಿ ಎದ್ದು ನಿಂತಳು. “ನಾಳೆಯಿಂದ ಕಿರುಗಾವಿಗೆ ಓಲೆ ಬರುತ್ತದೆ. ನಿನಗೇನು ಬೇಕು?”

“ನಮ್ಮೂರಿಗೆ ಬಾರದ ಎರಡು ವರ್ಷದ ಓಲೆಗಳನ್ನು ನೋಡಬೇಕು.”

ಓಲೆಗಳ ಮೂರನೆಯ ಕಟ್ಟಿನಲ್ಲಿ ಅಣ್ಣನ ಸುದ್ದಿ ಸಿಕ್ಕಿತು: ಗಡಿಕಾವಲಿನ ಮಾಚ ಜ್ವರದಿಂದ ಮಲಗಿದ್ದಾನೆ, ಮನೆಯವರು ಯಾರಾದರೂ ಬರಲಿ. ಅದರ ಕೆಳಗಿನ ಓಲೆಯಲ್ಲಿ ಒಂದೇ ಸಾಲು: ಮಾಚ ತೀರಿಕೊಂಡ. ಎರಡರ ಅಂಚಿನಲ್ಲೂ ಕಿರುಗಾವಿಯ ಹೆಸರಿತ್ತು.

“ನಾವು ಇದನ್ನು ಓದಿಯೇ ಇಲ್ಲ,” ಎಂದ ಕೇತ.

ಜಾಕಲದೇವಿ ತಲೆ ತಗ್ಗಿಸಿದಳು. “ಕೆಲಸ ಬೇಗ ಮುಗಿಯಲೆಂದು ಹೆಸರುಗಳನ್ನು ಇಲ್ಲಿಯೇ ಮೊದಲೇ ಬರೆಯುತ್ತಿದ್ದೆವು. ಸೇತುವೆ ಹೋದಾಗ ನಿಮ್ಮೂರಿನ ಓಲೆಗಳು ಇಲ್ಲೇ ಉಳಿದವು. ಸೇತುವೆ ಕಟ್ಟಿದ ಮೇಲೂ ಹೆಸರು ನೋಡಿದವರು ನಿಮಗೆ ಮುಟ್ಟಿದೆ ಎಂದುಕೊಂಡು ಒಳಗಿಡುತ್ತಲೇ ಬಂದರು.”

ಕೇತ ಚಾಕು ಕೇಳಿ, ಎರಡು ಓಲೆಗಳಿಂದಲೂ ತನ್ನೂರಿನ ಹೆಸರನ್ನು ಕೆರೆದು ತೆಗೆದು, ಅವನ್ನು ಊರಿಗೆ ಒಯ್ದ.

ಮನೆಯ ಬಾಗಿಲಲ್ಲಿ ಸಾಂತವ್ವ ನಿಂತಿದ್ದಳು. “ಏನಾದರೂ ಬಂತೇನಪ್ಪ?”

“ಬಂತು ಅತ್ತಿಗೆ. ಕುಳಿತುಕೋ.”

ಅವನು ಎರಡನ್ನೂ ಓದಿ ಹೇಳಿದ. ಅವಳು ಮೊದಲನೆಯದನ್ನು ಮತ್ತೊಮ್ಮೆ ಓದಿಸಿದಳು. ಅವಳ ಅಳು ನಿಂತ ಮೇಲೆ ಕೇತ ಎರಡರ ಅಂಚಿನಲ್ಲೂ ಕಿರುಗಾವಿ ಎಂದು ಬರೆದು, ಮಸಿ ತೀಡಿದ.